ಲಿಲ್ಲಿಯಮ್ಮನಿಗೆ ಮಣ್ಣು

ತೋಟದ ಕಾಲುದಾರಿಯಲ್ಲಿ ಮುದುಕಿಯೊಬ್ಬಳು ಸತ್ತು ಬಿದ್ದಿದ್ದಾಳೆ ಎಂದು ಬೆಳಿಗ್ಗೆ ಠಾಣೆಗೆ ಫೋನ್ ಬಂದಾಗ ನಾನು ಮೊದಲು ಕೇಳಿದ್ದು "ಆನೆಯಾ?" ಎಂದು. ಸಕಲೇಶಪುರ ಆಲೂರು ಗಡಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿರುವ ಯಾರೇ ಆದರೂ ಮೊದಲು ಕೇಳುವುದು ಅದನ್ನೇ. ಆನೆ ತುಳಿದಿದ್ದರೆ ರಸ್ತೆ ತಡೆ, ಧಿಕ್ಕಾರ, ಅರಣ್ಯ ಇಲಾಖೆಯವರ ಜೀಪಿಗೆ ಮುತ್ತಿಗೆ, ಸಂಜೆಯವರೆಗೂ ನಿಂತ ಕಾಲಲ್ಲೇ ನಿಂತಿರಬೇಕು. "ಆನೆಯಲ್ಲ ಮೇಡಂ, ಸುಮ್ನೆ ಸತ್ತವ್ರೆ" ಅಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ನನಗೆ ಸಮಾಧಾನವೇ ಆಯಿತು. ಅರ್ಧ ದಿನದ ಕೆಲಸ ಅಂದುಕೊಂಡು ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹೊರಟೆ.

ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಹಣ್ಣು ಕುಯ್ಯಲು ಹೊರಟಿದ್ದ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡೇ ದಾರಿಯ ಪಕ್ಕ ನಿಂತಿದ್ದರು. ಸಿಲ್ವರ್ ಓಕ್ ಮರದ ಬುಡದಲ್ಲಿ ಮುದುಕಿ ಒಂದು ಮಗ್ಗುಲಾಗಿ ಮಲಗಿದ್ದಳು. ಎಂಬತ್ತರ ಆಸುಪಾಸಿನ ವಯಸ್ಸು. ಕಿವಿಯವರೆಗೆ ಕತ್ತರಿಸಿದ ಬಿಳಿ ಕೂದಲು, ಹೂವಿನ ನೈಟಿ, ಅದರ ಮೇಲೆ ಗಂಡಸರ ಸ್ವೆಟರ್. ತಲೆಯ ಹತ್ತಿರ ಕೂಲಿಯಾಳುಗಳ ಲೈನ್ ಮನೆಯ ಹೆಂಗಸೊಬ್ಬಳು ಕೂತು ಅಳುತ್ತಿದ್ದಳು. ವರ್ಷಗಟ್ಟಲೆ ಮುದುಕಿಯ ಊಟ ತಿಂಡಿ, ಸ್ನಾನ, ಮಾತ್ರೆ ಎಲ್ಲ ನೋಡಿಕೊಂಡವಳು ಅವಳೇ.

ತೋಟದ ಮಾಲೀಕರು ಬಂದರು. "ಲಿಲ್ಲಿ ಟೀಚರ್ ಅಂತೀವಿ. ಅಪ್ಪಾಜಿ ಕಾಲದಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡೋಕೆ ಬಂದೋರು, ಇಲ್ಲೇ ಉಳಿದುಬಿಟ್ರು. ಕ್ರಿಶ್ಚಿಯನ್ ಅಂದ್ಕೊಂಡಿದ್ವಿ. ಆದ್ರೆ ಚರ್ಚಿಗೆ ಹೋಗಿದ್ದು ನೋಡಿಲ್ಲ. ದೇವಸ್ಥಾನಕ್ಕೆ ಹೋಗಿದ್ದೂ ನೋಡಿಲ್ಲ" ಅಂದರು. ಆಧಾರ್ ಕಾರ್ಡಿನಲ್ಲಿ ಲಿಲ್ಲಿ ಎಂಬ ಎರಡಕ್ಷರ ಬಿಟ್ಟರೆ ಅಪ್ಪನ ಹೆಸರಿಲ್ಲ, ಊರಿಲ್ಲ. ಎಸ್ಟೇಟಿನ ವಿಳಾಸವೇ ಅವಳ ವಿಳಾಸ.

ಶವ ಪಂಚನಾಮೆ ಶುರು ಮಾಡಿದೆ. ಗಾಯವಿಲ್ಲ, ರಕ್ತವಿಲ್ಲ, ಎಳೆದಾಡಿದ ಗುರುತಿಲ್ಲ. ಗುರುತಿನ ಚಿಹ್ನೆ ಬರೆಯಬೇಕಲ್ಲ ಎಂದು ಸ್ವೆಟರಿನ ತೋಳು ಮೇಲೆ ಸರಿಸಿದಾಗ ಎಡಗೈಯ ಒಳಭಾಗದಲ್ಲಿ ಹಚ್ಚೆ ಕಂಡಿತು. ಹಳೆಯ ಕಾಲದ ಹಳ್ಳಿ ಹೆಂಗಸರ ಕೈಯಲ್ಲಿರುವಂಥ, ಹಸಿರಿಗೆ ತಿರುಗಿದ ತೊಟ್ಟಿಲಿನ ಹಚ್ಚೆ. ಇಂಗ್ಲಿಷ್ ಟೀಚರ್ ಕೈಯಲ್ಲಿ ತೊಟ್ಟಿಲು! ಕಾನ್‌ಸ್ಟೇಬಲ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬರೆದುಕೊಂಡೆವು.

ಶವ ಎತ್ತುವ ಹೊತ್ತಿಗೆ ಲೈನಿನ ಹೆಂಗಸು ನನ್ನ ಕೈ ಹಿಡಿದುಕೊಂಡಳು. "ಮೇಡಮ್ಮೋರೆ, ಲಿಲ್ಲಿಯಮ್ಮನ್ನ ಎಲ್ಲೆಲ್ಲೋ ಹೂಳ್ಬೇಡಿ. ‘ನಮ್ಮವ್ವನ ಪಕ್ಕ ನಂಗೆ ಜಾಗ ಐತೆ, ಅಲ್ಲೇ ಮಣ್ಣು ಮಾಡಿಸು’ ಅಂತ ನನ್ ಕೈಲಿ ಮಾತು ತಗೊಂಡವ್ರೆ."

"ಅವರ ಅವ್ವ ಯಾವ ಊರು?"

"ಅದೊಂದ ಹೇಳ್ನಿಲ್ಲ. ಕೇಳಿದ್ರೆ ನಕ್ಕುಬುಡೋರು."

"ಮಾತು ತಗೊಂಡವರು ವಿಳಾಸ ಕೊಡಬೇಕಲ್ವೇನಮ್ಮಾ?" ಎಂದು ರೇಗಿದೆ. ನನಗೆ ಕೋಪ ಬೇಗ ಬರುತ್ತದೆ, ಅದರಲ್ಲೂ ಮಾಡಲಾಗದ ಕೆಲಸ ಯಾರಾದರೂ ಮಾಡು ಎಂದಾಗ. ಅವಳು ಕೈ ಬಿಡಲಿಲ್ಲ.

ಮರಣೋತ್ತರ ಪರೀಕ್ಷೆ ಮಾಡಿ ಹೃದಯಾಘಾತ ಎಂದರು ವೈದ್ಯರು. ಸಾವಿನ ಕಾರಣದ ಮಟ್ಟಿಗೆ ನನ್ನ ಕೆಲಸ ಮುಗಿದಿತ್ತು. ವಾರಸುದಾರರು ಯಾರು ಎಂಬುದು ಮಾತ್ರ ಉಳಿದಿತ್ತು. ಯಾರೂ ಇಲ್ಲದಿದ್ದರೆ ಒಂದೆರಡು ದಿನ ಕಾದು ಪಂಚಾಯಿತಿಯವರಿಂದ ಮಣ್ಣು ಮಾಡಿಸುವುದು ರೂಢಿ. ಶವಾಗಾರದ ಫ್ರೀಜರ್ ಕೆಲಸ ಮಾಡಿದಷ್ಟೇ ಮಾಡುತ್ತಿತ್ತು. "ಬೇಗ ನೋಡಿ ಮೇಡಂ" ಎಂದರು ವೈದ್ಯರು.

ಮುದುಕಿಯ ಕೋಣೆಯಲ್ಲಿ ಟ್ರಂಕಿನ ತಳದಲ್ಲಿ ಸಣ್ಣ ಗ್ರಾಮಫೋನ್ ತಟ್ಟೆಯೊಂದು ಸಿಕ್ಕಿತು. ನಡುವೆ ಅಂಟಿಸಿದ ಕಾಗದದ ಮೇಲೆ ‘ಮಿಸ್ ಲಿಲ್ಲಿ’ ಎಂದು ಇಂಗ್ಲಿಷಿನಲ್ಲಿತ್ತು. ಪತ್ರಿಕೆಗೆ ಕೊಡುವ ಪ್ರಕಟಣೆಯಲ್ಲಿ ‘ಹಿಂದೆ ಗಾಯಕಿಯಾಗಿದ್ದಿರಬಹುದು’ ಎಂದು ಒಂದು ಸಾಲು ಸೇರಿಸಿ ಆ ತಟ್ಟೆಯ ಫೋಟೋವನ್ನೂ ಹಾಕಿಸಿದೆ. ವಾಟ್ಸ್‌ಆಪ್‌ನಲ್ಲಿ ಅದು ಎಲ್ಲೆಲ್ಲಿ ಓಡಾಡಿತೋ, ಮರುದಿನವೇ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಹಳೆಯ ರೆಕಾರ್ಡುಗಳನ್ನು ಕೂಡಿಡುವುದು ಅವರ ಹವ್ಯಾಸವಂತೆ. ಅರವತ್ತರ ದಶಕದಲ್ಲಿ ದಂಡು ಪ್ರದೇಶದ ಹೋಟೆಲುಗಳಲ್ಲಿ ಇಂಗ್ಲಿಷ್ ಪಾಪ್ ಹಾಡುತ್ತಿದ್ದ ಮಿಸ್ ಲಿಲ್ಲಿಯ ಒಂದೇ ಒಂದು ತಟ್ಟೆ ಹೊರಬಂದಿತ್ತಂತೆ. "ಆದರೆ ನಿಮಗೆ ಸಿಕ್ಕಿರೋ ಶವ ಅವರದಲ್ಲ ಮೇಡಂ. ಮಿಸ್ ಲಿಲ್ಲಿ ಆಂಗ್ಲೋ ಇಂಡಿಯನ್. ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೇ ತೀರಿಕೊಂಡರು. ಎಲ್ಲ ಕಡೆ ಹಾಗೇ ಬರೆದಿದೆ" ಅಂದರು.

"ಎಲ್ಲ ಕಡೆ ಅಂದ್ರೆ? ಬರೆದವರು ಯಾರು?"

"ನಾನೇ" ಅಂದರು.

ಅದೇ ಮಧ್ಯಾಹ್ನ ಪ್ರಕಟಣೆ ನೋಡಿ ಇನ್ನೊಬ್ಬರು ರೈಲಿನಲ್ಲಿ ಬಂದೇಬಿಟ್ಟರು. ಮುದುಕ, ಕೈಯಲ್ಲಿ ಊರುಗೋಲು, ತಲೆಗೆ ಹ್ಯಾಟು. ಮಿಸ್ ಲಿಲ್ಲಿಯ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದವರು. ಶವಾಗಾರದಲ್ಲಿ ಮುಖದ ಬಟ್ಟೆ ಸರಿಸಿದೊಡನೆ ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡರು. "ಇವಳೇ. ಆಸ್ಟ್ರೇಲಿಯಾ ಎಲ್ಲ ಬುರುಡೆ ಮ್ಯಾಡಂ. ಒಂದು ದಿನ ಇದ್ದಕ್ಕಿದ್ದಂತೆ ಬರೋದು ನಿಲ್ಲಿಸಿದಳು. ಹೋಟೆಲಿನವರಿಗೆ ಏನಾದರೂ ಹೇಳಬೇಕಲ್ಲ, ಆಸ್ಟ್ರೇಲಿಯಾ ಅಂತ ನಾವೇ ಹೇಳಿದ್ವಿ."

ಫೋಟೋ ತೋರಿಸಿದರು. ಮೈಕಿನ ಮುಂದೆ ನಿಂತ ತೆಳ್ಳನೆಯ ಹುಡುಗಿ, ಉದ್ದನೆಯ ಗೌನು, ಎರಡೂ ಕೈಗೆ ಮೊಣಕೈವರೆಗೆ ಬಿಳಿಯ ಗ್ಲೌಸು. "ಎಂಥ ಸೆಕೆಯಲ್ಲೂ ತೆಗೀತಿರಲಿಲ್ಲ. ಸ್ಟೈಲು ಅಂದ್ಕೊಂಡಿದ್ವಿ" ಅಂದರು. ನಾನು ಶವದ ಎಡಗೈ ತಿರುಗಿಸಿ ತೊಟ್ಟಿಲಿನ ಹಚ್ಚೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದರು. "ನನಗೊಬ್ಬನಿಗೆ ಗೊತ್ತಿತ್ತು, ಅವಳು ಹಳ್ಳಿಯವಳು ಅಂತ. ಹಾಸನದ ಕಾನ್ವೆಂಟಿನಲ್ಲಿ ಓದಿದ್ದಳು, ಸಿಸ್ಟರುಗಳು ಹಾಡೋದು ಕಲಿಸಿದ್ದರು. ಮದುವೆ ಆಗೋಣ ಅಂದೆ. ‘ನಮ್ಮಪ್ಪನ್ನ ಕೇಳು’ ಅಂತ ನಕ್ಕಳು. ಕುಂದೂರು ಹೋಬಳಿ, ಇಂಥ ಹಳ್ಳಿ ಅಂತ ಹೇಳಿದಳು. ನಾನು ಹೋಗಲಿಲ್ಲ. ಧೈರ್ಯ ಸಾಲಲಿಲ್ಲ."

ಆ ಹಳ್ಳಿಯ ಹೆಸರು ಅವರಿಗೆ ಇಷ್ಟು ವರ್ಷವಾದರೂ ಮರೆತಿರಲಿಲ್ಲ. ನನಗೆ ಹುರುಪು ಬಂತು. ಅವ್ವನ ಪಕ್ಕದ ಜಾಗ ಸಿಕ್ಕೇಬಿಟ್ಟಿತು, ಲೈನಿನ ಹೆಂಗಸಿನ ಮಾತು ಉಳಿಯಿತು ಅಂದುಕೊಂಡೆ. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದ ಮೇಲೂ ಹೀಗೆ ಬೇಗ ಖುಷಿಪಡುವ ಬುದ್ಧಿ ನನಗೆ ಹೋಗಿಲ್ಲ.

ಕುಂದೂರು ದಾಟಿ ಆ ಹಳ್ಳಿಗೆ ಹೋದೆವು. ಹಿಂದೆ ಹೆಣ್ಣುಮಗಳನ್ನು ಕಾನ್ವೆಂಟಿಗೆ ಕಳಿಸಿದ ಮನೆ ಯಾವುದು ಎಂದು ಕೇಳಿದೊಡನೆ ಗೌಡರ ಮನೆ ತೋರಿಸಿದರು. ಐವತ್ತು ದಾಟಿದ ಮನೆಯ ಯಜಮಾನ ಒಳ್ಳೆಯವನೇ. ಕುರ್ಚಿ ಹಾಕಿಸಿ ಕಾಫಿ ಕೊಡಿಸಿದ. ಜಗುಲಿಯ ತುದಿಯಲ್ಲಿ ಅವನ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳು ಆ ಮನೆಯ ಮಗಳೇ, ಗಂಡ ಮನೆಅಳಿಯನಾಗಿ ಬಂದಿದ್ದವನು, ತೀರಿಕೊಂಡಿದ್ದ. ಅಂದರೆ ಲಿಲ್ಲಿಯಮ್ಮ ಈ ಮನೆಯವಳಾಗಿದ್ದರೆ ಈಕೆ ಅವಳ ತಂಗಿ.

ನಾನು ಬಂದ ವಿಷಯ ಹೇಳಿದೆ. ಯಜಮಾನ ಪೂರ್ತಿ ಕೇಳಿಸಿಕೊಂಡು, "ಮೇಡಂ, ನಿಮ್ಗೆ ಯಾರೋ ತಪ್ ಹೇಳವ್ರೆ. ನಮ್ ದೊಡ್ಡವ್ವ ಒಬ್ರು ಇದ್ದಿದ್ದು ನಿಜ. ನಾನು ಹುಟ್ಟೋಕ್ ಮುಂಚೆಯೇ ಜ್ವರ ಬಂದು ಸತ್ತೋದ್ರು. ಬನ್ನಿ ತೋರಿಸ್ತೀನಿ" ಎಂದು ಎದ್ದ.

ಹೊಲದ ಬದಿಯಲ್ಲಿ ಮೂರು ಸಮಾಧಿಗಳಿದ್ದವು. ಅಜ್ಜ, ಅಜ್ಜಿ, ಅಜ್ಜಿಯ ಪಕ್ಕದಲ್ಲಿ ದೊಡ್ಡವ್ವ. ಮೂರಕ್ಕೂ ಸುಣ್ಣ ಬಳಿದಿದ್ದರು. "ನಮ್ಮವ್ವ ವರ್ಷವರ್ಷ ಪಿತೃಪಕ್ಷದಾಗೆ ಇಲ್ಲಿ ಎಡೆ ಇಡ್ತಾಳೆ. ಸತ್ತೋರು ಇಲ್ಲೇ ಅವ್ರೆ. ನಿಮ್ ಎಣ ಯಾರ್ದೋ ಏನೋ!" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ.

ಆಸ್ಟ್ರೇಲಿಯಾದಲ್ಲೊಂದು ಸಲ, ಕುಂದೂರಿನ ಹೊಲದಲ್ಲೊಂದು ಸಲ, ಎಸ್ಟೇಟಿನ ದಾರಿಯಲ್ಲೊಂದು ಸಲ. ಒಬ್ಬಳೇ ಹೆಂಗಸು ಮೂರು ಕಡೆ ಸತ್ತಿದ್ದಳು. ಜಗುಲಿಗೆ ವಾಪಸು ಬಂದಾಗ ತಾಯಿಯ ಎಡಗೈ ನೋಡಿದೆ. ಅದೇ ತೊಟ್ಟಿಲು. "ಈ ಹಚ್ಚೆ ಅವರ ಕೈಯಲ್ಲೂ ಇದೆ" ಅಂದೆ. ಮಗ ನಕ್ಕ. "ಈ ಕಡೆ ಹಳೇ ಹೆಂಗಸ್ರ ಕೈಲೆಲ್ಲ ಅದೇ ಐತೆ ಕಣ್ರೀ ಮೇಡಂ." ಅದೂ ನಿಜವೇ. ಆದರೆ ತಾಯಿ ತಲೆ ಎತ್ತಲಿಲ್ಲ. ಕಾಯಿ ಸುಲಿಯುವ ಕೈ ಮಾತ್ರ ನಿಂತಿತ್ತು.

ಆಲೂರಿಗೆ ಬಂದು ತಹಶೀಲ್ದಾರರನ್ನು ಕಂಡೆ. ಸಮಾಧಿ ತೆಗೆಸಿ ನೋಡಬಹುದೇ ಎಂದು ಕೇಳಿದೆ. "ಕೊಲೆಯ ಅನುಮಾನ ಇದೆಯಾ?" ಇಲ್ಲ. "ಯಾರಾದರೂ ದೂರು ಕೊಟ್ಟಿದ್ದಾರಾ?" ಇಲ್ಲ. "ಮತ್ತೆ ಯಾವ ಆಧಾರದ ಮೇಲೆ ಅಗೆಸಲಿ? ಆ ಮನೆಯವರು ಊರು ಕಟ್ಟಿಕೊಂಡು ಬಂದರೆ ನೀವು ನಿಲ್ತೀರೋ ನಾನು ನಿಲ್ಲಲೋ?" ಅವರದೂ ಸರಿ. ತಾಯಿಯ ರಕ್ತ ತೆಗೆದು ಡಿಎನ್‌ಎ ಮಾಡಿಸೋಣವೆಂದರೆ ಒಪ್ಪಿಗೆ ಬೇಕು, ವರದಿ ಬರಲು ತಿಂಗಳುಗಟ್ಟಲೆ ಬೇಕು, ಫ್ರೀಜರ್ ಅಷ್ಟು ದಿನ ಕಾಯುವುದಿಲ್ಲ. ಮೇಲಧಿಕಾರಿಗಳು ಫೋನಿನಲ್ಲಿ, "ವಯಸ್ಸಾದವರು, ಸಹಜ ಸಾವು, ಇನ್ನೂ ಯಾಕೆ ಎಳೀತಿದ್ದೀರಿ?" ಅಂದರು. ಆಸ್ಪತ್ರೆಯ ಗೇಟಿನ ಹತ್ತಿರ ಲೈನಿನ ಹೆಂಗಸು ಕೆಲಸಕ್ಕೆ ಹೋಗದೆ ಕೂತಿದ್ದಳು. ಗಿಟಾರಿನ ಮುದುಕ ಲಾಡ್ಜು ಬಿಟ್ಟು ಬಂದು ಅವಳ ಪಕ್ಕದಲ್ಲೇ ಕೂತಿದ್ದರು. ಅವರಿಬ್ಬರನ್ನು ದಾಟಿ ಹೋಗುವುದೇ ನನಗೆ ಕಷ್ಟವಾಗಿತ್ತು.

ಉಳಿದದ್ದು ಒಂದೇ ದಾರಿ. ಯಜಮಾನನಿಗೆ ಫೋನ್ ಮಾಡಿ, "ನಿಮ್ಮ ತಾಯಿ ಒಂದು ಸಲ ಬಂದು ನೋಡಿ ಅಲ್ಲ ಅಂತ ಹೇಳಲಿ, ಬರೆದುಕೊಂಡು ಮುಗಿಸುತ್ತೇನೆ" ಅಂದೆ. ಅವನು ಗೊಣಗಿದ. ಆದರೆ ತಾಯಿ ತಾನೇ ಹೊರಟುಬಿಟ್ಟಳಂತೆ. ಮಗನ ಕಾರಿನಲ್ಲಿ ಬಂದಳು, ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದಳು.

ಮುಖದ ಬಟ್ಟೆ ಸರಿಸಿದೆ. ನೋಡಿದಳು. "ನಮ್ಮೋಳಲ್ಲ" ಅಂದಳು. ಅಷ್ಟೇ. ಮಗ ನನ್ನ ಕಡೆ ತಿರುಗಿ, ಹೇಳಿದ್ನಲ್ಲ ಎಂಬಂತೆ ನೋಡಿ, ಕಾರು ತಿರುಗಿಸಿಕೊಂಡು ಬರುತ್ತೇನೆ ಎಂದು ಹೋದ. ತಾಯಿ ಹೊರಗಿನ ಕಟ್ಟೆಯ ಮೇಲೆ ಕೂತಳು. ಗಿಟಾರಿನ ಮುದುಕರು ಆ ತಟ್ಟೆಯ ಹಾಡನ್ನು ನನ್ನ ಮೊಬೈಲಿಗೆ ಕಳಿಸಿದ್ದರು. ಏನು ಹೊಳೆಯಿತೋ, ಹಾಕಿದೆ. ಹಿಂದೆ ಡ್ರಮ್ಮು, ಗಿಟಾರು, ಮೇಲೆ ಗಟ್ಟಿಯಾದ, ಸ್ವಲ್ಪ ಒಡಕಾದ ಹುಡುಗಿಯ ದನಿ. ಮುಗಿಯುವವರೆಗೂ ಕೇಳಿದಳು.

"ಇಂಗ್ಲೀಷು, ನಂಗೇನ್ ತಿಳೀತದೆ" ಅಂದಳು. ಆಮೇಲೆ, "ಇನ್ನೊಂದ್ ಕಿತ ಹಾಕು ಮಗಾ" ಅಂದಳು.

ಎರಡನೆಯ ಸಲ ಅರ್ಧಕ್ಕೇ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಪಕ್ಕ ಕೂತೆ. ಅವಳು ನನ್ನನ್ನು ನೋಡದೆ ಹೇಳಿದಳು.

"ಬೆಂಗಳೂರಾಗೆ ಹೋಟ್ಲಲ್ಲಿ ಕುಡಿಯೋರ ಮುಂದೆ ಹಾಡ್ತಾಳೆ ಅಂತ ಯಾರೋ ಬಂದು ಹೇಳ್ಬುಟ್ರು. ಅಪ್ಪ ಒಂದ್ ಮಾತ್ ಆಡ್ನಿಲ್ಲ. ಭತ್ತದ ಹುಲ್ಲಲ್ಲಿ ಗೊಂಬೆ ಕಟ್ಟಿಸ್ದ. ಅದಕ್ಕೆ ಸೀರೆ ಉಡಿಸ್ದೋಳು ನಾನೇ ಕಣವ್ವ, ಅವ್ಳ ಸೀರೆಯಾ. ಪಟ್ಟಣದಾಗೆ ಜ್ವರ ಬಂದು ಸತ್ಲು ಅಂತ ಊರಿಗೆಲ್ಲ ಹೇಳಿ ಹೂತ್ರು. ತಿಥಿ ಮಾಡಿ ಊಟ ಹಾಕ್ಸಿದ್ರು. ಹಂಗ್ ಮಾಡ್ದಿದ್ರೆ ನನ್ನ ಯಾರ್ ಮದುವೆ ಆಗೋರು? ಓಡೋದೋಳ ತಂಗಿ ಅಂತ ಯಾವ ಗಂಡೂ ನಮ್ ಜಗಲಿ ಹತ್ತುತಿರ್ನಿಲ್ಲ."

"ಆಮೇಲೆ ಅವರು ಬರಲೇ ಇಲ್ವಾ?"

"ಬಂದಿದ್ಲು. ಅಪ್ಪ ಸತ್ತ ವರ್ಷ. ನನ್ ಮಕ್ಕಳು ಅಂಗಳದಾಗೆ ಆಡ್ತಿದ್ವು, ನಮ್ಮೆಜಮಾನ್ರು ಒಳಗವ್ರೆ. ಒಳೀಕೆ ಬಾ ಅನ್ನಾಕ್ ಆಗ್ನಿಲ್ಲ. ಹೊಲದ ತಾವ ಕರ್ಕೊಂಡೋಗಿ ತೋರಿಸ್ದೆ. ನೋಡಕ್ಕಾ, ನೀನು ಇಲ್ಲಿದ್ದೀಯ, ನಿಂಗೆ ವರ್ಷವರ್ಷ ಎಡೆ ಇಡ್ತೀನಿ ಅಂದೆ. ಅವ್ವನ ಪಕ್ಕ ಮಲಗಿಸಿದ್ದೀರಲ್ಲ, ಸಾಕು ಬುಡು ಅಂದ್ಲು. ಹೊಂಟೋದ್ಲು. ಅದ್ಯಾರವ್ವಾ ಅಂತ ಮಗ ಕೇಳ್ದ. ದಾರಿ ತಪ್ಪಿದೋರು ಕಣೋ ಅಂದೆ."

ನನಗೆ ಸಿಟ್ಟು ಬಂತು. "ಅಮ್ಮಾ, ಇಷ್ಟನ್ನೇ ಒಂದು ಸಲ ಹೇಳಿಬಿಡಿ. ಆ ಜಾಗದಲ್ಲಿರೋದು ಹುಲ್ಲು. ಅದನ್ನು ತೆಗೆದು ಅವರನ್ನು ಇಡೋಣ. ಅವರು ಕೇಳಿದ್ದು ಅದೊಂದನ್ನೇ" ಅಂದೆ.

"ನನ್ ಗಂಡ ಹುಲ್ಲಿಗೆ ಕೈ ಮುಗಿದ್ರು. ಸತ್ತೋಗೋಗಂಟ ಮುಗಿದ್ರು. ಮಕ್ಕಳು, ಮೊಮ್ಮಕ್ಕಳು ಮುಗೀತಾವೆ. ಬದುಕಿರೋಳ್ಗೆ ಎಡೆ ಇಟ್ಟೆ ಕಣವ್ವಾ ನಾನು. ಈಗ ಯಾವ ಬಾಯಲ್ ಹೇಳ್ಲಿ?" ಎಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಎಳೆದು ಕೂರಿಸಿದೆ. ಮಗನ ಕಾರು ಗೇಟಿನೊಳಗೆ ಬರುತ್ತಿತ್ತು.

ನಾನು ಬರೆದುಕೊಳ್ಳಬಹುದಿತ್ತು. ಮಗನ ಎದುರಿಗೇ ಇನ್ನೊಂದು ಸಲ ಕೇಳಬಹುದಿತ್ತು. ಪೊಲೀಸರು ಕೇಳುವ ಹಾಗೆ ಕೇಳಿದ್ದರೆ ಆಕೆ ಹೇಳಿಬಿಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಸತ್ತವಳು ಕೇಳಿದ್ದ ಜಾಗ ಒಂದು ಕಡೆ. ಬದುಕಿರುವವಳು ಆ ಹುಲ್ಲಿನ ಗೊಂಬೆಯ ಮೇಲೆ ಕಟ್ಟಿಕೊಂಡ ಗಂಡ, ಮನೆ, ಮಕ್ಕಳು ಇನ್ನೊಂದು ಕಡೆ. ಎರಡರಲ್ಲಿ ಒಂದನ್ನು ಒಡೆಯದೆ ಬೇರೆ ದಾರಿಯಿರಲಿಲ್ಲ. ನಾನು ಒಳಗೆ ಹೋಗಿ, ‘ಶವವನ್ನು ನೋಡಿ ತಮ್ಮ ಸಂಬಂಧಿಯಲ್ಲವೆಂದು ತಿಳಿಸಿದರು’ ಎಂದು ಬರೆದು ತಂದೆ. ಆಕೆ ಹೆಬ್ಬೆಟ್ಟು ಒತ್ತಿದಳು. ಗುರುತು ಕದಡಿತು, ಇನ್ನೊಂದು ಸಲ ಒತ್ತಿಸಿಕೊಳ್ಳಬೇಕಾಯಿತು. ನಾನು ಮಾಡಿದ್ದು ಸರಿಯೋ ತಪ್ಪೋ ಈಗಲೂ ನನಗೆ ಗೊತ್ತಿಲ್ಲ.

ಮಾಲೀಕರು ತೋಟದೊಳಗೆ ಸಮಾಧಿ ಬೇಡ, ಆಳುಗಳು ಆ ಕಡೆ ಕೊಯ್ಲಿಗೆ ಹೋಗುವುದಿಲ್ಲ ಎಂದರು. ಗಿಟಾರಿನ ಮುದುಕರು ಬೆಂಗಳೂರಿನ ತಮ್ಮ ಚರ್ಚಿಗೆ ಫೋನ್ ಮಾಡಿ ಕೇಳಿದರು. ದೀಕ್ಷಾಸ್ನಾನವಾಗದವರಿಗೆ ಅಲ್ಲಿ ಜಾಗವಿರಲಿಲ್ಲ. ಕಡೆಗೆ ಊರಾಚೆ ಹಳ್ಳದ ಬದಿಯ ಸಾರ್ವಜನಿಕ ಸ್ಮಶಾನದಲ್ಲಿ ಪಂಚಾಯಿತಿಯವರು ಗುಂಡಿ ತೋಡಿಸಿದರು. ನಾವು ನಾಲ್ಕೇ ಜನ. ಲೈನಿನ ಹೆಂಗಸು ಮಣ್ಣು ಹಾಕುವ ಮೊದಲು ನನ್ನ ಕಡೆ ತಿರುಗಿದಳು. "ಪೊಲೀಸ್ರು ಅಂದ್ರೆ ಎಲ್ಲಾ ಆಯ್ತದೆ ಅಂದ್ಕೊಂಡಿದ್ದೆ. ನಿಮ್ ಕೈಲೂ ಆಗ್ನಿಲ್ವಾ ಮೇಡಮ್ಮೋರೆ? ಅವ್ರಿಗೆ ನಾನೇನ್ ಹೇಳ್ಲಿ?" ಅಂದಳು. ಜಾಗ ಗೊತ್ತಿತ್ತು, ಹೇಳಲಾಗಲಿಲ್ಲ. ಯಾರೂ ಸಿಗಲಿಲ್ಲಮ್ಮ ಎಂದೆ. ಮುದುಕರು ಹಾಡಬೇಕೆಂದು ಬಾಯಿ ತೆರೆದರು. ಮೊದಲ ಸಾಲು ನೆನಪಾಗಲಿಲ್ಲ. ಮೊಬೈಲಿನಲ್ಲಿ ಹಾಕೋಣವೆಂದರೆ ಸ್ಮಶಾನದಲ್ಲಿ ಹಾಡು ಹಾಕುವುದು ಕಾನ್‌ಸ್ಟೇಬಲ್‌ಗೆ ಸರಿಕಾಣಲಿಲ್ಲ, ಬೇಡವೆಂದು ತಲೆಯಾಡಿಸಿದ. ಹಾಗೇ ಮಣ್ಣು ಹಾಕಿದೆವು. ಮರಣದ ನೋಂದಣಿಗೆ ಲಿಲ್ಲಿ ಎಂದೇ ಬರೆದುಕೊಟ್ಟೆ.

ಅದಾಗಿ ಕೆಲವು ದಿನಕ್ಕೆ ಕುಂದೂರು ಕಡೆಯ ಆ ಯಜಮಾನ ಠಾಣೆಗೆ ಬಂದ. ಜಗಳಕ್ಕೆ ಬಂದನೇನೋ ಅಂದುಕೊಂಡೆ. ಕುರ್ಚಿಯ ತುದಿಯಲ್ಲಿ ಕೂತು, ಹೊರಗೆ ಯಾರಾದರೂ ಇದ್ದಾರೇನೋ ಎಂದು ನೋಡಿದ.

"ಮೇಡಂ, ಆವತ್ತು ಆಸ್ಪತ್ರೆಯಿಂದ ಬಂದಾಗ್ಲಿಂದ ನಮ್ಮವ್ವ ಒಳಗೆ ಬತ್ತಿಲ್ಲ. ಬಂದೋಳೇ ತಲೆ ಮೇಲೆ ನೀರು ಸುರ್ಕೊಂಡ್ಲು. ಜಗುಲಿ ಮೇಲೇ ಮಲಗ್ತಾಳೆ. ಅಡುಗೆಮನೆ ಮೆಟ್ಟಲ್ಲ, ದೇವರ ದೀಪ ಮುಟ್ಟಲ್ಲ, ಒಗ್ಗರಣೆ ಹಾಕಿದ್ದು ಬ್ಯಾಡ ಅಂತಾಳೆ. ತಲೆಗೆ ಎಣ್ಣೆ ಇಲ್ಲ. ಸೂತಕದೋರು ಕೂತಂಗೆ ಕೂತವ್ಳೆ. ನಮ್ ಕಡೆ ಯಾರೂ ಸತ್ತಿಲ್ವಲ್ಲವ್ವಾ, ಯಾರ್ದು ಸೂತಕ ಅಂದ್ರೆ ಹೇಳಾಕಿಲ್ಲ." ಅವನ ಕಣ್ಣು ತುಂಬಿತ್ತು. "ಆವತ್ತು ನೀವೇ ಪಕ್ಕದಾಗ್ ಕೂತಿದ್ರಿ. ನಿಮ್ಗೇನಾರ ಹೇಳಿದ್ಲಾ?"

"ಇಲ್ಲ" ಅಂದೆ. "ನನಗೇನೂ ಹೇಳಲಿಲ್ಲ."